ಸರ್ವೆಗೆ ಬಂದ ಮಿಸ್

2024ರ ಜೂನ್. ಶಾಲೆಗಳು ಶುರುವಾಗಿ ಎರಡು ವಾರ ಆಗಿತ್ತು. ಬೆಳಗ್ಗೆ ಹನ್ನೊಂದರ ಹೊತ್ತಿಗೆ ಗೇಟಿನ ಚಿಲಕ ಸದ್ದಾಯಿತು. ಮಗಳು ವರಾಂಡದಲ್ಲಿ ಕೂತು ಅವರೆಬೀಜ ಮೊಳಕೆ ಬಂದದ್ದನ್ನು ಸ್ಕೇಲು ಹಿಡಿದು ಅಳೆಯುತ್ತಿದ್ದಳು. ಬಂದವರು ಐವತ್ತು ದಾಟಿದ ಒಬ್ಬ ಮೇಡಂ. ಕೈಯಲ್ಲಿ ಛತ್ರಿ, ಕಂಕುಳಲ್ಲಿ ಒಂದು ರಿಜಿಸ್ಟರು. ಹತ್ತಿರದ ಸರ್ಕಾರಿ ಶಾಲೆಯವರು. ಶಾಲೆಯಿಂದ ಹೊರಗುಳಿದ ಮಕ್ಕಳ ಸಮೀಕ್ಷೆಗೆ ಬಂದಿದ್ದರು.

"ಯಾಕೆ ಪುಟ್ಟಾ, ಇವತ್ತು ಸ್ಕೂಲಿಗೆ ಹೋಗಿಲ್ವಾ?" ಅಂತ ಮಗಳನ್ನು ಕೇಳಿದರು. ಅವಳು ಉತ್ತರ ಕೊಡಲಿಲ್ಲ. ತಿರುಗಿ ನನ್ನ ಮುಖ ನೋಡಿದಳು.

ಆ ನೋಟ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಏನು ಹೇಳಬೇಕು ಅಂತ ಅಮ್ಮನ ಮುಖದಲ್ಲಿ ಹುಡುಕುವ ಅಭ್ಯಾಸ ಅವಳಿಗೆ ಬಂದುಬಿಟ್ಟಿತ್ತು. ಕಲಿಸಿದವಳು ನಾನೇ. ಅಂಗಡಿಯವರು ಕೇಳಿದರೆ "ಇವತ್ತು ಹುಷಾರಿಲ್ಲ", ಬಸ್ಸಿನಲ್ಲಿ ಯಾರಾದರೂ ಕೇಳಿದರೆ ಹಳೇ ಶಾಲೆಯ ಹೆಸರು. ಮದುವೆಮನೆಗಳಲ್ಲಂತೂ ಈ ಪ್ರಶ್ನೆ ಬರುವ ಮೊದಲೇ ಅವಳನ್ನು ಊಟದ ಪಂಕ್ತಿಗೆ ಕೂರಿಸಿಬಿಡುತ್ತಿದ್ದೆ.

ನಾವು ಮೈಸೂರಿನವರು. 2022ರ ದಸರಾ ರಜೆಗೆ ಬಂದ ಮಗಳು ಮತ್ತೆ ಶಾಲೆಗೆ ಹೋಗಲಿಲ್ಲ. ಆಗ ಎರಡನೇ ತರಗತಿ. ಬೆಳಗ್ಗೆ ಆಟೋ ಹಾರ್ನ್ ಕೇಳಿದರೆ ವಾಂತಿ ಮಾಡಿಕೊಳ್ಳುತ್ತಿದ್ದಳು. ಡಾಕ್ಟರು ಹೊಟ್ಟೆಯಲ್ಲಿ ಏನೂ ತೊಂದರೆ ಇಲ್ಲ ಅಂದರು. ಒಂದು ತಿಂಗಳು ಮನೆಯಲ್ಲಿ ಇರಲಿ ಅಂತ ಶುರುವಾದದ್ದು ವರ್ಷ ದಾಟಿತು. ನಾನು ಲೆಕ್ಕಪತ್ರದ ಕೆಲಸ ಬಿಟ್ಟು ಅವಳಿಗೆ ಮನೆಯಲ್ಲೇ ಪಾಠ ಹೇಳಿಕೊಡತೊಡಗಿದೆ. ಒಬ್ಬರ ಸಂಬಳದಲ್ಲಿ ಮನೆ ನಡೆಸುವುದು ಕಷ್ಟ, ಇದನ್ನು ಹೊಸದಾಗಿ ಯೋಚಿಸುತ್ತಿರುವ ತಂದೆ ತಾಯಿಗಳಿಗೆ ಮೊದಲೇ ಹೇಳುತ್ತೇನೆ. ಅದಕ್ಕಿಂತ ಕಷ್ಟ ಬೆಳಗಿಂದ ರಾತ್ರಿಯವರೆಗೆ ಅಮ್ಮನೂ ಮಿಸ್ಸೂ ಒಬ್ಬಳೇ ಆಗಿರುವುದು. ಮಗ್ಗಿ ಒಪ್ಪಿಸುವಾಗ ತಪ್ಪಿದರೆ ಗದರಿ, ಐದು ನಿಮಿಷದ ನಂತರ ಅದೇ ಕೈಯಲ್ಲಿ ಅನ್ನ ಕಲಸಿ ಕೊಟ್ಟ ದಿನಗಳು ಎಷ್ಟೋ ಇವೆ.

ಮೇಡಂ ಚಪ್ಪಲಿ ಬಿಟ್ಟು ಒಳಗೆ ಬಂದರು. ನಾನು ಮಜ್ಜಿಗೆ ತರಲು ಹೋದೆ. ಕೈ ನಡುಗುತ್ತಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯನ್ನು ನಾನು ಎಷ್ಟು ಸಲ ಓದಿದ್ದೆನೋ ಲೆಕ್ಕವಿಲ್ಲ. ಆರರಿಂದ ಹದಿನಾಲ್ಕು ವರ್ಷದ ಮಕ್ಕಳನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಅನ್ನುತ್ತದೆ ಅದರ 10ನೇ ಸೆಕ್ಷನ್ನು. ತಪ್ಪಿದ ಪೋಷಕರಿಗೆ ದಂಡ ಅಂತ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಅದೆಲ್ಲ ಗೊತ್ತಿದ್ದರೂ ರಿಜಿಸ್ಟರು ಹಿಡಿದು ಒಬ್ಬರು ಮನೆಯೊಳಗೆ ಕೂತಾಗ ಎದೆ ಹೊಡೆದುಕೊಳ್ಳುವುದು ನಿಲ್ಲುವುದಿಲ್ಲ.

"ಸ್ಯಾಟ್ಸ್‌ನಲ್ಲಿ ಮಗು ಎರಡನೇ ಕ್ಲಾಸಿಗೇ ನಿಂತಿದೆ ಕಣಮ್ಮಾ. ಟಿಸಿ ತಗೊಂಡಿಲ್ವಾ?" ಅಂದರು.

ತಗೊಂಡಿರಲಿಲ್ಲ. ಆ ಗೇಟಿನೊಳಗೆ ಮತ್ತೆ ಕಾಲಿಡುವ ಮನಸ್ಸಾಗಲಿಲ್ಲ, ಅಷ್ಟೇ. ಸ್ಯಾಟ್ಸ್ ಅಂದರೆ ಶಿಕ್ಷಣ ಇಲಾಖೆ ಮಕ್ಕಳ ದಾಖಲೆ ಇಡುವ ಕಂಪ್ಯೂಟರ್ ವ್ಯವಸ್ಥೆ. ನಮ್ಮ ರಾಜ್ಯದಲ್ಲಿ ಶಾಲೆಗೆ ಸೇರಿದ ಪ್ರತಿ ಮಗುವಿಗೂ ಅದರಲ್ಲಿ ಒಂದು ನಂಬರ್ ಇರುತ್ತದೆ. ಟಿಸಿ ಇಲ್ಲದೆ ಬಿಟ್ಟರೆ ಆ ನಂಬರು ಅಲ್ಲೇ ತೂಗಾಡುತ್ತಿರುತ್ತದೆ, ಮಗು ಶಾಲೆ ಬಿಟ್ಟವರ ಪಟ್ಟಿಗೆ ಸೇರುತ್ತದೆ. ನಾನು ಬಚ್ಚಿಡುತ್ತಿದ್ದೇನೆ ಅಂದುಕೊಂಡಿದ್ದೆ. ಅವಳ ಹೆಸರು ಎರಡು ವರ್ಷದಿಂದ ಪಟ್ಟಿಯಲ್ಲೇ ಇತ್ತು.

ಮೇಡಂ ಬೈಯಲಿಲ್ಲ. ಮಜ್ಜಿಗೆ ಕುಡಿದು, ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡರು. "432 ಹೂವು ಇದೆ. 12 ಜನಕ್ಕೆ ಸಮನಾಗಿ ಹಂಚಬೇಕು. ಒಬ್ಬೊಬ್ಬರಿಗೆ ಎಷ್ಟು?"

ಮಗಳು ಪೆನ್ಸಿಲ್ ಮುಟ್ಟಲಿಲ್ಲ. ಕಿಟಕಿ ನೋಡುತ್ತಾ ಹೇಳಿದಳು: "ಮೂವತ್ತು ಮೂವತ್ತು ಕೊಟ್ರೆ ಮುನ್ನೂರ ಅರವತ್ತು. ಎಪ್ಪತ್ತೆರಡು ಉಳೀತು. ಹನ್ನೆರಡಾರ್ಲಿ ಎಪ್ಪತ್ತೆರಡು. ಮೂವತ್ತಾರು ಮಿಸ್."

ಮೇಡಂ ಹುಬ್ಬು ಮೇಲೇರಿತು. "ಎಲ್ಲಿ ಕಲಿತೆ ಇದನ್ನ?" "ತಾತ ಹೇಳ್ಕೊಟ್ರು. ದೇವರಾಜ ಮಾರ್ಕೆಟ್ಟಲ್ಲಿ ಹೂವಿನ ಲೆಕ್ಕ ಮಾಡ್ತೀವಿ."

ಪ್ರತಿ ಮಂಗಳವಾರ ನಮ್ಮ ಲೆಕ್ಕದ ಪಾಠ ಮಾರ್ಕೆಟ್ಟಿನಲ್ಲಿ. ಅವಳ ನೋಟ್‌ಬುಕ್ಕಿನಲ್ಲಿ ಒಂದು ಇಡೀ ಪುಟ ಮೊಳದ ಬಗ್ಗೆಯೇ ಇದೆ. ಹೂ ಮಾರುವ ಅಜ್ಜಿಯ ಮೊಣಕೈಯಿಂದ ನಡುಬೆರಳ ತುದಿಗೆ 43 ಸೆಂಟಿಮೀಟರು, ತಾತನದು 47, ಅವಳದು 35. ಎರಡು ಗೇಣು ಒಂದು ಮೊಳ, ನಾಲ್ಕು ಮೊಳ ಒಂದು ಮಾರು. "ಅಜ್ಜಿ ಕೈಲಿ ತಗೊಂಡ್ರೆ ಮೊಳಕ್ಕೆ 4 ಸೆಂಟಿಮೀಟರ್ ನಷ್ಟ, ತಾತನೇ ಮಾರಬೇಕಿತ್ತು" ಅಂತ ಕೆಳಗೆ ಬರೆದಿದ್ದಾಳೆ. ನಾನು ಈ ಪುಟವನ್ನು ಹೆಮ್ಮೆಯಿಂದ ತೆಗೆದು ತೋರಿಸಿದೆ.

ಮೇಡಂ ಓದಿ ನಕ್ಕರು. ಆಮೇಲೆ ಅದೇ ಪುಟದ ಕೆಳಗೆ ಐದು ಪದ ಉಕ್ತಲೇಖನ ಕೊಟ್ಟರು. ಮಗಳು 'ಕಾರ್ಯಕ್ರಮ'ವನ್ನು 'ಕಾಯ್ರಕ್ರಮ' ಅಂತ ಬರೆದಳು. 'ಸ್ವಾತಂತ್ರ್ಯ'ದಲ್ಲಿ ಯ ಒತ್ತು ಬಿಟ್ಟುಹೋಯಿತು. 'ವರ್ಷ'ದ ಅರ್ಕಾವತ್ತು ಎಲ್ಲಿ ಹಾಕುವುದು ಅಂತ ಪೆನ್ಸಿಲ್ ಗಾಳಿಯಲ್ಲೇ ನಿಂತಿತು. ದಪ್ಪ ದಪ್ಪ ಕಥೆಪುಸ್ತಕ ಗಟ್ಟಿಯಾಗಿ ಓದುವ ಹುಡುಗಿ! ಓದುವುದು ಚೆನ್ನಾಗಿದೆ ಅಂತ ನಾನು ಬರೆಸುವುದನ್ನೇ ಬಿಟ್ಟಿದ್ದೆ. ಭಾಗಾಕಾರವೂ ಹಾಗೇ. ಬಾಯಲ್ಲಿ ಸರಿ, ಕಾಗದದ ಮೇಲೆ ಭಾಜಕ ಎಲ್ಲಿ, ಭಾಗಲಬ್ಧ ಎಲ್ಲಿ ಬರೆಯಬೇಕು ಅಂತಲೇ ಗೊತ್ತಿಲ್ಲ.

"ಮಗು ಚುರುಕಿದೆ. ಆದ್ರೆ ಹತ್ತನೇ ಕ್ಲಾಸು ಯಾವ ಬೋರ್ಡಲ್ಲಿ ಬರೆದ್ರೂ ದಾರಿ ಬರೆದು ತೋರಿಸಬೇಕಲ್ವಾ? ದಿನಾ ಹತ್ತು ಸಾಲು ಬರೆಸಿ. ಬರೆದದ್ದಕ್ಕೆ ತಾರೀಖು ಹಾಕಿಸಿ" ಅಂದರು. ಭಾಗಾಕಾರವನ್ನು ಅವರೇ ಹೇಳಿಕೊಟ್ಟರು, ಹತ್ತೇ ನಿಮಿಷದಲ್ಲಿ. ಮೂರು ತಿಂಗಳಿಂದ ನಾನು ಹೇಳಿಕೊಡಲಾಗದೆ ಮುಂದಕ್ಕೆ ಹಾಕುತ್ತಿದ್ದದ್ದು. ಅಮ್ಮನ ಹತ್ತಿರ ಹಟ ಮಾಡುವ ಹುಡುಗಿ ಬೇರೆಯವರ ಹತ್ತಿರ ಕಿವಿಗೊಟ್ಟು ಕೂತಿದ್ದಳು. ಮನೆಯಲ್ಲಿ ಕಲಿಸುವವರಿಗೆ ಹೊರಗಿನ ಇನ್ನೊಬ್ಬರು ದೊಡ್ಡವರು ಎಷ್ಟು ಬೇಕು ಅನ್ನುವುದು ನನಗೆ ಆವತ್ತು ಗೊತ್ತಾಯಿತು.

ನಾನೂ ನನಗೆ ಗೊತ್ತಿದ್ದದ್ದನ್ನು ಹೇಳಿದೆ. ಎನ್‌ಐಒಎಸ್ ಅಂದರೆ ರಾಷ್ಟ್ರೀಯ ಮುಕ್ತ ಶಾಲೆ, 1989ರಲ್ಲಿ ಶುರುವಾದ ಕೇಂದ್ರ ಸರ್ಕಾರದ್ದೇ ಸಂಸ್ಥೆ. ಹದಿನಾಲ್ಕು ತುಂಬಿದರೆ ಅಲ್ಲಿ ಹತ್ತನೇ ತರಗತಿಗೆ ಹೆಸರು ಹಚ್ಚಬಹುದು. ಐದು ವಿಷಯ ಪಾಸಾಗಬೇಕು, ಕನ್ನಡವನ್ನೂ ಒಂದು ಭಾಷೆಯಾಗಿ ತೆಗೆದುಕೊಳ್ಳಬಹುದು. ವರ್ಷಕ್ಕೆ ಎರಡು ಸಲ ಪರೀಕ್ಷೆ, ಐದು ವರ್ಷದೊಳಗೆ ಒಂದೊಂದೇ ವಿಷಯ ಮುಗಿಸುತ್ತಾ ಹೋಗಬಹುದು. ಅದಕ್ಕೆ ಮೊದಲು ಎಂಟನೇ ತರಗತಿಗೆ ಸಮನಾದ ಮಟ್ಟದ ಪರೀಕ್ಷೆಯೂ ಅಲ್ಲಿದೆ. ಮೇಡಂ ಇದನ್ನೆಲ್ಲ ತಮ್ಮ ರಿಜಿಸ್ಟರಿನ ಹಿಂದಿನ ಹಾಳೆಯಲ್ಲಿ ಬರೆದುಕೊಂಡರು. "ನಮ್ಮ ಹತ್ರ ಶಾಲೆ ಬಿಟ್ಟ ದೊಡ್ಡ ಮಕ್ಕಳಿಗೆ ಉಪಯೋಗಕ್ಕೆ ಬರುತ್ತೆ" ಅಂದರು. "ಮಧ್ಯೆ ಮನಸ್ಸು ಬದಲಾದ್ರೆ ಹೆದರಬೇಡಿ. ಹದಿನಾಲ್ಕರೊಳಗೆ ಯಾವಾಗ ಬಂದ್ರೂ ವಯಸ್ಸಿಗೆ ತಕ್ಕ ಕ್ಲಾಸಿಗೆ ಸೇರಿಸ್ಕೋಬೇಕು ಅಂತ ಅದೇ ಕಾಯ್ದೆ ಹೇಳುತ್ತೆ." ಈ ಒಂದು ಮಾತಿನಿಂದ ನನ್ನ ತಲೆಯ ಮೇಲಿದ್ದ ಬಂಡೆ ಇಳಿದ ಹಾಗಾಯಿತು. ಹಿಂದಕ್ಕೆ ದಾರಿ ಇದೆ ಅಂತ ಗೊತ್ತಿದ್ದರೆ ಮುಂದಕ್ಕೆ ನೆಮ್ಮದಿಯಿಂದ ಹೋಗಬಹುದು.

ಹೊರಡುವ ಮೊದಲು ರಿಜಿಸ್ಟರಿನಲ್ಲಿ ಕಾರಣದ ಕಾಲಮ್ಮಿಗೆ ಬಂದು ಪೆನ್ನು ನಿಲ್ಲಿಸಿದರು. "ಏನಂತ ಬರೀಲಿ?" ನಾನು ಬಾಯಿ ತೆರೆಯುವ ಮೊದಲೇ ಮಗಳು, "ಮನೇಲಿ ಓದ್ತಾ ಇದ್ದೀನಿ ಅಂತ ಬರೀರಿ ಮಿಸ್" ಅಂದಳು. ಈ ಸಲ ನನ್ನ ಮುಖ ನೋಡಲಿಲ್ಲ.

ಮಾರನೇ ದಿನವೇ ಹಳೇ ಶಾಲೆಗೆ ಅರ್ಜಿ ಬರೆದು ಕೊಟ್ಟೆ. ವಾರದಲ್ಲಿ ಟಿಸಿ ಬಂತು. ಅದು, ಜನನ ಪ್ರಮಾಣ ಪತ್ರ, ಆಧಾರ್ ಮೂರನ್ನೂ ಒಂದು ಪ್ಲಾಸ್ಟಿಕ್ ಫೈಲಿಗೆ ಹಾಕಿಟ್ಟೆ. ಪಾಠಕ್ಕೆ ಈಗ ಒಂದು ದಪ್ಪ ನೋಟ್‌ಬುಕ್ಕು. ಎಡಪುಟದಲ್ಲಿ ತಾರೀಖು ಹಾಕಿ ಅವತ್ತು ಮಾಡಿದ್ದನ್ನು ನಾನು ಬರೆಯುತ್ತೇನೆ, ಬಲಪುಟದಲ್ಲಿ ಅವಳ ಹತ್ತು ಸಾಲು. ರಾಜ್ಯದ ಪಠ್ಯಪುಸ್ತಕಗಳೆಲ್ಲ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ಅದರ ಪರಿವಿಡಿ ನೋಡಿ, ಆ ತರಗತಿಯ ಮಕ್ಕಳಿಗೆ ಗೊತ್ತಿದ್ದು ಇವಳಿಗೆ ಗೊತ್ತಿಲ್ಲದ್ದು ಏನು ಅಂತ ತಿಂಗಳಿಗೊಮ್ಮೆ ಗುರುತು ಹಾಕುತ್ತೇನೆ. ಬೆಳಗ್ಗೆ ಎರಡು ಗಂಟೆ ಇದಕ್ಕೆ ಧಾರಾಳ ಸಾಕು.

ಶನಿವಾರ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಮ್ಮಂಥ ಐದಾರು ಮನೆಯವರು ಸೇರುತ್ತೇವೆ. ಮಕ್ಕಳು ಹೆಜ್ಜಾರ್ಲೆ ಹಕ್ಕಿಗಳನ್ನು ಎಣಿಸುತ್ತಾರೆ, ಹಾವಕ್ಕಿ ರೆಕ್ಕೆ ಒಣಗಿಸುವುದನ್ನು ಚಿತ್ರ ಬರೆಯುತ್ತಾರೆ, ನಾವು ಚಪಾತಿ ಬಿಚ್ಚಿಕೊಂಡು ಕಷ್ಟಸುಖ ಮಾತಾಡುತ್ತೇವೆ. ಹೊಸಬರು ಬಂದರೆ ನಾನು ಮೊದಲು ಕೇಳುವುದು ಟಿಸಿ ತಗೊಂಡ್ರಾ ಅಂತ. ಎರಡನೆಯದು, ಯಾರಾದರೂ ಕೇಳಿದರೆ ಮಗು ಏನು ಹೇಳುತ್ತೆ ಅಂತ.

ಜನವರಿಯಲ್ಲಿ ಆ ಮೇಡಂ ಫೋನ್ ಮಾಡಿದರು. ಶಾಲೆಯಲ್ಲಿ ಮಕ್ಕಳ ಸಂತೆ, ಮಗಳನ್ನು ಕಳಿಸಿ ಅಂತ. ಸೊಪ್ಪು, ನಿಂಬೆಹಣ್ಣು, ಚುರುಮುರಿ ಇಟ್ಟುಕೊಂಡು ಕೂತ ಮಕ್ಕಳ ಸಾಲಿನಲ್ಲಿ ಇವಳದು ಕನಕಾಂಬರದ ಬುಟ್ಟಿ. ತನ್ನ ಕೈ ಚಿಕ್ಕದು, ತಕರಾರು ಬರುತ್ತದೆ ಅಂತ 45 ಸೆಂಟಿಮೀಟರಿಗೆ ಗಂಟು ಹಾಕಿದ ದಾರ ತಂದಿದ್ದಳು. ನಾನು ದೂರದಲ್ಲಿ ಬೇವಿನ ಮರದ ಕೆಳಗೆ ನಿಂತಿದ್ದೆ. ಯೂನಿಫಾರ್ಮಿನ ಹುಡುಗಿಯೊಬ್ಬಳು ಬಂದು ಬಗ್ಗಿ ಕೇಳಿದಳು.

"ನೀನು ಯಾವ ಸ್ಕೂಲು?"

"ಮನೇಲೇ ಓದೋದು."

"ಹೌದಾ? ಹಂಗಾದ್ರೆ ನಿಂಗೆ ಮಿಸ್ ಯಾರು?"

"ಅಮ್ಮ. ಮಾರ್ಕೆಟ್ ಲೆಕ್ಕಕ್ಕೆ ತಾತ. ಭಾಗಾಕಾರಕ್ಕೆ ನಿಮ್ಮ ಮಿಸ್ಸೇ. ಎಷ್ಟು ಮೊಳ ಬೇಕು?"