ಬೆರಳಿನ ಸುಣ್ಣದ ಗಂಟು: ಡ್ರೆಸಿಂಗ್ ರೂಮಿನಲ್ಲಿ ಕಲಿತದ್ದು

ನಾನು ರುಮಟಾಲಜಿ (ಕೀಲು, ಸಂಧಿವಾತದಂಥ ಕಾಯಿಲೆಗಳ) ವಿಭಾಗದಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವ ಡ್ರೆಸಿಂಗ್ ರೂಮಿನಲ್ಲಿ ನರ್ಸ್. ಸಿಸ್ಟಮಿಕ್ ಸ್ಕ್ಲಿರೋಸಿಸ್ (ಚರ್ಮ ಗಟ್ಟಿಯಾಗುವ, ಬೆರಳಿಗೆ ರಕ್ತ ಕಡಿಮೆಯಾಗುವ ಕಾಯಿಲೆ) ಇರುವವರಲ್ಲಿ ಸುಮಾರು 4 ಜನಕ್ಕೆ ಒಬ್ಬರಿಗೆ ಚರ್ಮದ ಕೆಳಗೆ ಸುಣ್ಣ, ಅಂದರೆ ಕ್ಯಾಲ್ಸಿಯಂ, ಗಂಟು ಕಟ್ಟುತ್ತದೆ. ಕಾಯಿಲೆ ಹಳೆಯದಾದಷ್ಟೂ ಜಾಸ್ತಿ. ಅವರು ಕೈ ಚಾಚಿ ಕೂತ ಕೂಡಲೇ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ಸಿಸ್ಟರ್, ಹಾಲು ಬಿಟ್ಟುಬಿಡ್ಲಾ?" ಕೆಲವರು ಕೇಳುವ ಹೊತ್ತಿಗೆ ಬಿಟ್ಟೇ ಆಗಿರುತ್ತದೆ.

ಬಿಡಬೇಡಿ. ಇವರ ರಕ್ತದಲ್ಲಿ ಕ್ಯಾಲ್ಸಿಯಂ, ಫಾಸ್ಫೇಟ್ ಎರಡೂ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತವೆ. ರಕ್ತ ಸರಿಯಾಗಿ ಹರಿಯದ, ಮತ್ತೆ ಮತ್ತೆ ಪೆಟ್ಟು ತಿಂದ ಜಾಗದಲ್ಲಿ ಸುಣ್ಣ ಬಂದು ಕೂರುತ್ತದೆ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಮಾಡಿದರೆ ಗಂಟು ಕರಗುವುದಿಲ್ಲ, ಸುಮ್ನೆ ಮೂಳೆಗೆ ನಷ್ಟ. ಡಾಕ್ಟರು ಬರೆದ ಕ್ಯಾಲ್ಸಿಯಂ ಮಾತ್ರೆಯನ್ನೂ ಅವರನ್ನು ಕೇಳದೆ ನಿಲ್ಲಿಸಬಾರದು.

ನಾನು ತಿರುಗಿ ಕೇಳುವ ಪ್ರಶ್ನೆ ಬೇರೆ. "ಈ ಬೆರಳು ದಿನವಿಡೀ ಏನನ್ನ ಒತ್ತುತ್ತೆ?" ಇದೆಂಥ ಪ್ರಶ್ನೆ ಅಂತ ಮುಖ ನೋಡುತ್ತಾರೆ. ಆದರೆ ಗಂಟುಗಳು ಎಲ್ಲೆಂದರಲ್ಲಿ ಏಳುವುದಿಲ್ಲ. ಬಲಗೈ ಜಾಸ್ತಿ ಬಳಸುವವರಿಗೆ ಬಲಗೈ ಹೆಬ್ಬೆರಳಲ್ಲಿ, ಮೇಜಿಗೆ ಊರುವ ಮೊಣಕೈಯಲ್ಲಿ, ಮಂಡಿಯಲ್ಲಿ. ಹೊಲಿಗೆ ಕೆಲಸದ ಒಬ್ಬರಿಗೆ ಕತ್ತರಿಯ ಹಿಡಿ ಕೂರುವ ಜಾಗದಲ್ಲೇ ಗಂಟು. ಹಿಡಿಗೆ ದಪ್ಪ ಬಟ್ಟೆ ಸುತ್ತಿಕೊಳ್ಳಿ ಅಂದೆ. ಗಂಟು ಹಾಗೇ ಇದೆ, ಮೇಲಿನ ಚರ್ಮ ಒಡೆಯುವುದು ಕಡಿಮೆಯಾಗಿದೆ. ಈ ಕಾಯಿಲೆಯಲ್ಲಿ ಅದೂ ದೊಡ್ಡ ಲಾಭವೇ.

ಚರ್ಮ ಒಡೆದರೆ ಬಿಳಿ ಪದಾರ್ಥ ಹೊರಗೆ ಬರುತ್ತದೆ. ಒಮ್ಮೊಮ್ಮೆ ಟೂತ್‌ಪೇಸ್ಟ್ ಹಾಗೆ ಮೆತ್ತಗೆ, ಒಮ್ಮೊಮ್ಮೆ ಗಾಜ್ ಬಟ್ಟೆಯ ಮೇಲೆ ಚುರುಕ್ಕನೆ ಕೆರೆಯುವ ಹರಳು. ಹೊಸಬರು ಕೀವು ಅಂದುಕೊಂಡು ಹಿಂಡಲು ಹೋಗುತ್ತಾರೆ. ಹಿಂಡಿದರೆ ಸುತ್ತಲಿನ ಚರ್ಮಕ್ಕೆ ಪೆಟ್ಟು, ಮೊದಲೇ ರಕ್ತ ಕಡಿಮೆ ಇರುವ ಬೆರಳು, ಗಾಯ ಮಾಯಲು ತಿಂಗಳುಗಳೇ ಬೇಕಾಗಬಹುದು. ನಾನು ಸಲೈನ್‌ನಲ್ಲಿ ಒದ್ದೆ ಮಾಡಿದ ಗಾಜ್ ಇಟ್ಟು ಕಾಯುತ್ತೇನೆ. ತಾನಾಗಿ ಸಡಿಲವಾದದ್ದನ್ನು ಮಾತ್ರ ತೆಗೆಯುತ್ತೇನೆ, ಉಳಿದದ್ದಕ್ಕೆ ಕೈ ಹಾಕುವುದಿಲ್ಲ. ಮನೆಯಲ್ಲಿ ಸೂಜಿ, ಬ್ಲೇಡು ಬೇಡವೇ ಬೇಡ.

ಕೆಂಪಾಗಿ ಊದಿಕೊಂಡಾಗ ನಿಜಕ್ಕೂ ಕಷ್ಟ. ಒಳಗಿನ ಹರಳುಗಳಿಂದಲೇ ಉರಿಯೂತ ಬರುತ್ತದೆ, ಸೋಂಕಿನಿಂದಲೂ ಬರುತ್ತದೆ, ಎರಡೂ ನೋಡಲು ಒಂದೇ ತರ. ಜ್ವರ, ಕೀವು, ಹರಡುತ್ತಿರುವ ಕೆಂಪು ಕಂಡರೆ ಅವತ್ತೇ ಡಾಕ್ಟರಿಗೆ ತೋರಿಸಬೇಕು. ಒಳಗೆ ಎಷ್ಟಿದೆ ಅಂತ ತಿಳಿಯಲು ಸಾಮಾನ್ಯ ಎಕ್ಸ್‌ರೇ ಸಾಕು. ಎಂ‌ಆರ್‌ಐಗಿಂತ ಅದರಲ್ಲೇ ಸುಣ್ಣ ಚೆನ್ನಾಗಿ ಕಾಣುತ್ತದೆ. ಬೆರಳ ತುದಿಯ ಮೂಳೆ ಸವೆದಿದ್ದರೆ ಅದೂ ಗೊತ್ತಾಗುತ್ತದೆ.

ಔಷಧಿ? ಡಿಲ್ಟಿಯಾಜೆಮ್, ಮಿನೊಸೈಕ್ಲಿನ್, ಕಾಲ್ಚಿಸಿನ್, ಸೋಡಿಯಂ ಥಯೋಸಲ್ಫೇಟ್ ಎಲ್ಲವನ್ನೂ ಬಳಸುತ್ತಾರೆ. ಎಲ್ಲರಿಗೂ ಖಚಿತವಾಗಿ ಕೆಲಸ ಮಾಡುವಂಥದ್ದು ಒಂದೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ, ಇಲ್ಲದಿದ್ದರೆ ಜನ ಮಾತ್ರೆ ಬದಲಿಸುತ್ತಾ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುತ್ತಾರೆ. ಕೈ ಬೆಚ್ಚಗಿಡುವುದು, ಸಿಗರೇಟು ಬಿಡುವುದು ಇವೆಲ್ಲ ರಕ್ತ ಓಡಾಟಕ್ಕೆ ಬೇಕೇ ಬೇಕು.

ಆಪರೇಷನ್ ಮಾಡಿ ತೆಗೆಯಬಹುದು, ಮತ್ತೆ ಬರಲೂಬಹುದು. ಹತ್ತು ಗಂಟು ಇದ್ದರೆ ಹತ್ತನ್ನೂ ತೆಗೆಸಿಬಿಡೋಣ ಅನ್ನುವವರಿದ್ದಾರೆ. ಸರ್ಜನ್ ಹತ್ತಿರ ಹೋಗುವ ಮುಂಚೆ ಪೆನ್ನಲ್ಲಿ ಗುರುತು ಹಾಕಿಸುತ್ತೇನೆ: ನಿದ್ದೆ ಕೆಡಿಸುವುದು ಯಾವುದು, ಬಟನ್ ಹಾಕಲು ಬಿಡದ್ದು ಯಾವುದು. ಸಾಮಾನ್ಯವಾಗಿ ಒಂದೋ ಎರಡೋ ಗುರುತು ಬೀಳುತ್ತದೆ, ಅಷ್ಟೇ.