ಕೆಂಪು ಅಂಕಿಗಳ ಹಿಂದೆ

1987ರಲ್ಲಿ ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಎರಡನೇ ವರ್ಷದಲ್ಲಿದ್ದೆ. ನಮ್ಮ ಲ್ಯಾಬಿನಲ್ಲಿ ಒಂದೇ ಒಂದು ಡಿಜಿಟಲ್ ಎಲ್‌ಸಿಆರ್ ಮೀಟರ್ ಇತ್ತು; ಕಾಯಿಲ್, ಕೆಪಾಸಿಟರ್, ರೆಸಿಸ್ಟರುಗಳ ವ್ಯಾಲ್ಯೂ ಅಳೆಯುವ ಯಂತ್ರ ಅದು. ಬೀರುವಿನ ಬೀಗದ ಕೈ ಮೇಷ್ಟ್ರ ಜೇಬಿನಲ್ಲಿ. ಅಲ್ಲಿಯವರೆಗೆ ನಾವು ಬ್ರಿಡ್ಜ್ ಎಂಬ ಹಳೆಯ ಅಳತೆ ಸರ್ಕ್ಯೂಟಿನ ನಾಬ್ ತಿರುಗಿಸುತ್ತಾ, ಹೆಡ್‌ಫೋನಿನಲ್ಲಿ ಸದ್ದು ಅಡಗುವವರೆಗೆ ಕಾದು ಅಳೆಯುತ್ತಿದ್ದೆವು. ಈ ಮೀಟರಿಗೆ ಕೆಪಾಸಿಟರ್ (ಚಾರ್ಜ್ ಹಿಡಿದಿಡುವ ಬಿಡಿಭಾಗ) ಸಿಕ್ಕಿಸಿದರೆ ಸಾಕು, ಕೆಂಪು ಅಂಕಿಗಳು ಹೊತ್ತಿಕೊಳ್ಳುತ್ತಿದ್ದವು.

ಆದರೆ ಸುಮ್ನೆ ಓದಿ ಬರೆದುಕೊಳ್ಳಲು ಮೇಷ್ಟ್ರು ಬಿಡುತ್ತಿರಲಿಲ್ಲ. "ಅಂಕಿ ಎಲ್ಲಿಂದ ಬಂತು ಹೇಳಿ, ಆಮೇಲೆ ಬರ್ಕೊಳ್ಳಿ" ಎನ್ನುತ್ತಿದ್ದರು.

ಸಿಕ್ಕಿಸಿದ್ದು 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಅಂತಿಟ್ಟುಕೊಳ್ಳಿ. ಮೀಟರ್ ಅದಕ್ಕೆ ಸೆಕೆಂಡಿಗೆ 1000 ಸಲ (1 ಕಿಲೋಹರ್ಟ್ಸ್) ಏರಿಳಿಯುವ ಎಸಿ ಕೊಡುತ್ತದೆ. 1 ವೋಲ್ಟ್ ಕೊಟ್ಟರೆ ಹರಿಯುವ ಕರೆಂಟ್ ಸುಮಾರು 0.63 ಮಿಲಿಆಂಪಿಯರ್. ಕೆಪಾಸಿಟರ್ ದೊಡ್ಡದಾದಷ್ಟೂ ಕರೆಂಟ್ ಜಾಸ್ತಿ. ಆ ಕರೆಂಟನ್ನು ಒಂದು ಆಪ್‌ಆಂಪ್ (ಸಿಗ್ನಲ್ ಹಿಗ್ಗಿಸುವ ಚಿಪ್), ವ್ಯಾಲ್ಯೂ ಗೊತ್ತಿರುವ ರೆಸಿಸ್ಟರಿನಲ್ಲಿ ಹರಿಸಿ ವೋಲ್ಟೇಜ್ ಮಾಡುತ್ತದೆ. ರೇಂಜ್ ಬದಲಿಸಿದಾಗ ಬದಲಾಗುವುದು ಆ ರೆಸಿಸ್ಟರೇ.

ನನಗೆ ನಿದ್ದೆ ಬಿಡಿಸಿದ್ದು ಮುಂದಿನ ಭಾಗ. ಒಳ್ಳೆಯ ಕೆಪಾಸಿಟರಿನಲ್ಲಿ ಕರೆಂಟ್ ವೋಲ್ಟೇಜಿಗಿಂತ ಕಾಲು ಸುತ್ತು ಮುಂದಿರುತ್ತದೆ. 1 ಕಿಲೋಹರ್ಟ್ಸ್‌ನಲ್ಲಿ ಅದು 250 ಮೈಕ್ರೋಸೆಕೆಂಡ್. ಒಳಗೆ ನಷ್ಟವಿದ್ದರೆ ಕರೆಂಟಿನ ಒಂದು ಪಾಲು ವೋಲ್ಟೇಜಿನ ಜೊತೆಗೇ ಏರಿ ಇಳಿಯುತ್ತದೆ. ಮೀಟರಿನೊಳಗೆ ಒಂದು ಎಲೆಕ್ಟ್ರಾನಿಕ್ ಸ್ವಿಚ್ ಆ ಅಲೆಗೆ ತಾಳ ಹಾಕಿದಂತೆ ತೆರೆದು ಮುಚ್ಚಿ, ಈ ಎರಡು ಪಾಲನ್ನು ಬೇರೆ ಮಾಡುತ್ತದೆ. ಮುಂದಿರುವ ಪಾಲಿನಿಂದ ಕೆಪಾಸಿಟನ್ಸ್, ಅಂದರೆ ಫ್ಯಾರಡ್‌ನಲ್ಲಿ ಹೇಳುವ ವ್ಯಾಲ್ಯೂ, ಸಿಗುತ್ತದೆ. ಜೊತೆಗಿರುವ ಪಾಲನ್ನು ಅದರಿಂದ ಭಾಗಿಸಿದರೆ ನಷ್ಟದ ಲೆಕ್ಕ, ಅಂದರೆ ಡಿ. ಎಷ್ಟು ಚೆಂದದ ಉಪಾಯ ಅಲ್ವಾ!

ಕೊನೆಗೆ ಎಣಿಕೆ, ಅಂದರೆ ವೋಲ್ಟೇಜನ್ನು ಅಂಕಿ ಮಾಡುವುದು. ಅದರ ಡ್ಯುಯಲ್ ಸ್ಲೋಪ್ ವಿಧಾನವನ್ನು ಮೇಷ್ಟ್ರು ಬಿಂದಿಗೆಯ ಲೆಕ್ಕದಲ್ಲಿ ಹೇಳಿದ್ದರು. ಇಷ್ಟೇ ಹೊತ್ತು ಅಂತ ನಲ್ಲಿ ಬಿಡಿ. ಆಮೇಲೆ ಒಂದೇ ವೇಗದಲ್ಲಿ ಖಾಲಿ ಮಾಡಿ. ಖಾಲಿಯಾಗಲು ಹಿಡಿದ ಹೊತ್ತನ್ನು ಎಣಿಸಿ. ನಲ್ಲಿಯ ನೀರು ವೋಲ್ಟೇಜ್, ಎಣಿಕೆ ಅದರ ಅಂಕಿ. ತುಂಬುವ ಹೊತ್ತು 20 ಮಿಲಿಸೆಕೆಂಡ್ ಇದ್ದರೆ, 50 ಹರ್ಟ್ಸ್ ಮೇನ್ಸ್‌ನ ಒಂದು ಪೂರ್ತಿ ಸುತ್ತು ಅದರಲ್ಲೇ ಮುಗಿದು, ಅದರ ಗುಂಯ್ ಸದ್ದು ಕಳೆದುಹೋಗುತ್ತದೆ.

ಒಂದು ದಿನ ಪವರ್ ಸಪ್ಲೈಯಿಂದ ಆಗಷ್ಟೇ ಬಿಚ್ಚಿದ 1000 ಮೈಕ್ರೋಫ್ಯಾರಡ್ ಎಲೆಕ್ಟ್ರೋಲಿಟಿಕ್ ಕೆಪಾಸಿಟರನ್ನು ಹಾಗೇ ಸಿಕ್ಕಿಸಲು ಹೋದೆ. ಮೇಷ್ಟ್ರು ಗಬಕ್ಕನೆ ಕೈ ಹಿಡಿದರು. "ಚಾರ್ಜ್ ಇದೆ ಕಣಪ್ಪ, ಮೀಟರ್ ಹೋಗುತ್ತೆ." ಜೇಬಿನಿಂದ 1 ಕಿಲೋಓಮ್ ರೆಸಿಸ್ಟರ್ ತೆಗೆದು ಅದರ ಕಾಲುಗಳಿಗೆ ಹಿಡಿಸಿದರು. "ಸೆಕೆಂಡ್ ಎಣಿಸು" ಎಂದರು. ಐದು ಎಣಿಸಿದರೂ ಬಿಡಲಿಲ್ಲ, ಹತ್ತು ಆಗಲಿ ಎಂದರು. ಆಮೇಲೆ ಮೀಟರನ್ನು 120 ಹರ್ಟ್ಸ್‌ಗೆ ಹಾಕಿಸಿದರು. 1 ಕಿಲೋಹರ್ಟ್ಸ್‌ನಲ್ಲಿ ಅದರ ರಿಯಾಕ್ಟೆನ್ಸ್ (ಎಸಿಗೆ ಒಡ್ಡುವ ತಡೆ) ಬರೀ 0.16 ಓಮ್, ಆಗ ವೈರಿನ ರೆಸಿಸ್ಟೆನ್ಸೇ ಲೆಕ್ಕ ಕೆಡಿಸುತ್ತದೆ. 120ರಲ್ಲಿ 1.3 ಓಮ್.

ಅವರು ಬೈಯಲಿಲ್ಲ. ರೆಸಿಸ್ಟರ್ ವಾಪಸ್ ಕೊಡಲು ಹೋದೆ. "ಇಟ್ಕೊ" ಎಂದರು. ಕಂದು, ಕಪ್ಪು, ಕೆಂಪು ಪಟ್ಟಿಯ ಅದು ಇವತ್ತಿಗೂ ನನ್ನ ಟೂಲ್‌ಬಾಕ್ಸ್‌ನಲ್ಲಿದೆ. ದೊಡ್ಡ ಕೆಪಾಸಿಟರ್ ಕೈಗೆ ಬಂದಾಗ ಮೊದಲು ಹತ್ತರವರೆಗೆ ಎಣಿಸುತ್ತೇನೆ.