ಸುಕ್ತಿ ನೋಡಿ ಶೂ ಕಟ್ಟಿದ ಒಂಬತ್ತು ವಾರ

ವಾರ 1

ದಸರಾ ಮುಗಿದ ಸೋಮವಾರ ಓಟ ಶುರು ಮಾಡಿದೆ. ದೊಡ್ಡವಳಿಗೆ ಐದು, ಚಿಕ್ಕವನಿಗೆ ಎರಡು ತುಂಬಿದೆ. ಕಾಲೇಜಿನಲ್ಲಿ ಲೆಕ್ಕದ ಪಾಠ, ಮನೆಯಲ್ಲಿ ಟಿಫಿನ್ ಡಬ್ಬಿ. ನನಗೆ ಅಂತ ಸಿಗುವುದು ಬೆಳಿಗ್ಗೆ ಐದೂವರೆಯಿಂದ ಆರೂಕಾಲು ಮಾತ್ರ. ಅದರ ಮೇಲೆ ಚಿಕ್ಕವನು ಹಾಸಿಗೆಯಲ್ಲಿ ಕೈಯಾಡಿಸಿ ನೋಡಿ, ಅಮ್ಮ ಇಲ್ಲ ಅಂತ ಗೊತ್ತಾದರೆ ಇಡೀ ಓಣಿಗೆ ಕೇಳಿಸುವಂತೆ ಅಳುತ್ತಾನೆ.

ಹಿಡಿದದ್ದು 'ಕೌಚ್ ಟು 5ಕೆ', ಅಂದರೆ ಸೋಫಾದಲ್ಲಿ ಕೂತವರನ್ನು ಐದು ಕಿ.ಮೀ. ಓಡಿಸುವ ಒಂಬತ್ತು ವಾರದ ಕ್ರಮ. ಜಾಶ್ ಕ್ಲಾರ್ಕ್ ಅನ್ನುವವರು 1996ರಲ್ಲಿ ತಮ್ಮ ತಾಯಿಯನ್ನು ಓಡಿಸಬೇಕು ಅಂತ ಇದನ್ನು ಮಾಡಿದರಂತೆ. ತಾಯಿಗೆ ಆಗ ಐವತ್ತು ದಾಟಿತ್ತು. ನನಗಿನ್ನೂ ಮೂವತ್ನಾಲ್ಕು, ಆಗದೇ ಏನು ಅಂದುಕೊಂಡೆ. ಮೊದಲ ವಾರ ಐದು ನಿಮಿಷ ಬಿರುಸು ನಡಿಗೆ, ಆಮೇಲೆ ಅರವತ್ತು ಸೆಕೆಂಡ್ ಓಟ, ತೊಂಬತ್ತು ಸೆಕೆಂಡ್ ನಡಿಗೆ. ಹೀಗೆ ಇಪ್ಪತ್ತು ನಿಮಿಷ, ವಾರಕ್ಕೆ ಮೂರು ದಿನ.

ಅರವತ್ತು ಸೆಕೆಂಡ್ ಇಷ್ಟು ಉದ್ದ ಅಂತ ಯಾರೂ ಹೇಳಿರಲಿಲ್ಲ.

ಆದರೆ ಜಾಗ ಮಾತ್ರ ಸ್ವರ್ಗ. ಹುಣ್ಣಿಮೆ ಆಗಷ್ಟೇ ಕಳೆದಿತ್ತು. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ, ದಡದ ಮೇಲೆ ಇಟ್ಟಿರುವ ಚಾಪೆಲ್ ಯುದ್ಧನೌಕೆಯ ಹತ್ತಿರ ಇಳಿದರೆ ಎದುರಿಗೆ ಚಂದ್ರ ಸಮುದ್ರಕ್ಕೆ ಇಳಿಯುತ್ತಿದ್ದ. ಟಾರ್ಚ್ ಬೇಡ. ನೀರು ದೂರ ಹೋಗಿತ್ತು, ಒದ್ದೆ ಮರಳು ಸಿಮೆಂಟಿನ ಹಾಗೆ ಗಟ್ಟಿ. ಚಪ್ಪಲಿ ಬಿಟ್ಟು ಬರಿಗಾಲಲ್ಲಿ, ಚೂಡಿದಾರದ ವೇಲ್ ಸೊಂಟಕ್ಕೆ ಬಿಗಿದು ಓಡಿದೆ. ಏಂಡಿ ಬಲೆ ಎಳೆಯಲು ಬಂದಿದ್ದ ಒಬ್ಬರು "ಏನು ಬಾಯಿ, ಯಾರು ಬೆನ್ನು ಹತ್ತಿದ್ದಾರೆ?" ಅಂತ ಕೇಳಿದರು. ನಗುವುದಕ್ಕೂ ಉಸಿರು ಇರಲಿಲ್ಲ.

ಮರುದಿನ ಮೆಟ್ಟಿಲು ಇಳಿಯಲು ಆಗಲಿಲ್ಲ. ಬರಿಗಾಲಲ್ಲಿ ಮೀನಖಂಡಕ್ಕೆ ಜಾಸ್ತಿ ಕೆಲಸ ಬೀಳುತ್ತದೆ. ರೂಢಿ ಇಲ್ಲದ ಕಾಲಿಗೆ ಅದು ಶಿಕ್ಷೆ. ಎರಡು ಸಾವಿರದ ಎಂಟುನೂರು ಕೊಟ್ಟು ಶೂ ತಂದೆ. ಇವರು ಬೆಲೆ ಕೇಳಿ ಸುಮ್ಮನಾದರು. ಆ ಸುಮ್ಮನಿರುವಿಕೆಗೂ ಒಂದು ಬೆಲೆ ಇದೆ ಅಲ್ವಾ, ಅದನ್ನು ಆಮೇಲೆ ನೋಡಿಕೊಳ್ಳೋಣ.

ವಾರ 2

ಹೊಸ ಶೂ ಹಾಕಿಕೊಂಡು ಅದೇ ಹೊತ್ತಿಗೆ ಹೋದೆ. ನನ್ನ ರಸ್ತೆಯೇ ಇಲ್ಲ! ನೀರು ಮೇಲೆ ಬಂದು ಗಟ್ಟಿ ಮರಳನ್ನೆಲ್ಲ ನುಂಗಿತ್ತು. ಉಳಿದದ್ದು ಮೇಲಿನ ಸಡಿಲ ಮರಳು. ಅದರಲ್ಲಿ ಓಡಿದರೆ ರಸ್ತೆಯ ಓಟಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು ಶಕ್ತಿ ಬೇಕು. ಮೂರು ಸಲ ಓಡಿ ನಾಲ್ಕನೆಯದಕ್ಕೆ ಕೂತೇಬಿಟ್ಟೆ. ಮನೆಗೆ ಬಂದು ಗೊಣಗಿದಾಗ ಅತ್ತೆ ಕ್ಯಾಲೆಂಡರ್ ಕಡೆ ಬೆರಳು ಮಾಡಿದರು. "ಇವತ್ತು ಅಷ್ಟಮಿ. ಬೆಳಿಗ್ಗೆ ಭರ್ತಿ ಇರುತ್ತದೆ. ನಿನಗೆ ಬೇಕಾದದ್ದು ಸುಕ್ತಿ." ಭರ್ತಿ ಅಂದರೆ ಸಮುದ್ರದ ನೀರು ಏರುವುದು, ಸುಕ್ತಿ ಅಂದರೆ ಇಳಿಯುವುದು.

ನಾನು ಶಿರಸಿ ಕಡೆಯವಳು. ಅಡಿಕೆ ತೋಟದಲ್ಲಿ ಬೆಳೆದವಳಿಗೆ ಭರತಿ-ಇಳಿತದ ಲೆಕ್ಕ ಎಲ್ಲಿಂದ ಬರಬೇಕು? ಮದುವೆಯಾಗಿ ಎಂಟು ವರ್ಷ ಕಾರವಾರದಲ್ಲಿದ್ದರೂ ಸಮುದ್ರ ಅಂದರೆ ನೆಂಟರು ಬಂದಾಗ ತೋರಿಸುವ ವಸ್ತು ಆಗಿತ್ತು. ಅತ್ತೆ ಮೀನುಪೇಟೆಯ ಭಾಷೆಯಲ್ಲಿ ಹೇಳಿಕೊಟ್ಟದ್ದು ಇಷ್ಟು. ದಿನಕ್ಕೆ ಎರಡು ಭರ್ತಿ, ಎರಡು ಸುಕ್ತಿ. ಎಲ್ಲವೂ ದಿನದಿಂದ ದಿನಕ್ಕೆ ಮುಕ್ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ ತಡವಾಗುತ್ತಾ ಹೋಗುತ್ತವೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಬೆಳಗಿನ ಜಾವ ನೀರು ಚೆನ್ನಾಗಿ ಇಳಿದಿರುತ್ತದೆ. ವಾರ ಕಳೆದು ಅಷ್ಟಮಿಗೆ ಬಂದರೆ ಅದೇ ಹೊತ್ತಿಗೆ ಭರ್ತಿ.

ಅಂದರೆ ನನ್ನ ಐದೂವರೆಗೆ ಸಮುದ್ರ ಜಾಗ ಬಿಡುವುದು ತಿಂಗಳಿಗೆ ಹತ್ತು ದಿನ ಇದ್ದರೆ ಹೆಚ್ಚು. ಉಳಿದ ದಿನ ಫ್ಲೈಓವರ್ ಪಕ್ಕದ ರಸ್ತೆ, ಮತ್ತು ಅಲ್ಲಿನ ನಾಯಿಗಳು. ನಾಯಿ ಬಂದರೆ ಓಡಬಾರದು, ನಿಂತುಬಿಡಬೇಕು. ನನ್ನ ನಡಿಗೆಯ ತೊಂಬತ್ತು ಸೆಕೆಂಡ್ ಎಷ್ಟೋ ಸಲ ಹಾಗೇ ಸಿಕ್ಕಿದೆ.

ವಾರ 3

ದೀಪಾವಳಿ. ಎಣ್ಣೆಸ್ನಾನ, ಅವಲಕ್ಕಿ, ನೆಂಟರು. ಒಂದೇ ದಿನ ಓಡಿದೆ. ಅಮಾವಾಸ್ಯೆ, ಸುಕ್ತಿ ಭರ್ಜರಿ, ಆದರೆ ಕಣ್ಣಿಗೆ ಏನೂ ಕಾಣದು. ದೂರದಲ್ಲಿ ದೇವಗಡ ದ್ವೀಪದ ದೀಪ ಮಾತ್ರ ಬಂದು ಹೋಗುತ್ತಿತ್ತು. ಮೊಬೈಲ್ ಟಾರ್ಚ್ ಹಿಡಿದು ಓಡಿದರೆ ಏಡಿಗಳು ದಿಕ್ಕಾಪಾಲಾಗುತ್ತವೆ. ಹೆದರಿದ್ದು ಅವೋ ನಾನೋ ಗೊತ್ತಿಲ್ಲ.

ವಾರ 4

ಇದನ್ನು ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಬರೆಯುತ್ತೇನೆ. ಓಡುವಾಗ ಮೂತ್ರ ಸೋರುತ್ತದೆ. ಎರಡನೇ ಹೆರಿಗೆಯ ನಂತರ ಕೆಮ್ಮಿದರೆ, ಸೀನಿದರೆ ಹೀಗಾಗುತ್ತಿತ್ತು. ಓಟದಲ್ಲಿ ಎದ್ದು ಕಂಡಿತು. ಮೊದಲು ತೋರಿಸಿದ ಕಡೆ "ಎರಡು ಹೆತ್ತ ಮೇಲೆ ಇದೆಲ್ಲ ಇದ್ದದ್ದೇ" ಅಂದು ಕಳಿಸಿದರು. ಸಿಟ್ಟು ಬಂತು. ಬಹಳ ಜನರಿಗೆ ಆಗುತ್ತದೆ ಅನ್ನುವುದು ನಿಜ. ಹಾಗಂತ ಸಹಿಸಿಕೊಂಡೇ ಇರಬೇಕು ಅಂತೇನೂ ಇಲ್ಲ.

ಆಮೇಲೆ ಒಬ್ಬ ಫಿಸಿಯೋಥೆರಪಿಸ್ಟ್ ಕೀಗಲ್ ವ್ಯಾಯಾಮ ಸರಿಯಾಗಿ ಕಲಿಸಿದರು. ಕಿಬ್ಬೊಟ್ಟೆಯ ತಳದ ಸ್ನಾಯುವನ್ನು ಮೂತ್ರ ತಡೆಯುವ ಹಾಗೆ ಮೇಲಕ್ಕೆ ಎಳೆದು ಕೆಲವು ಸೆಕೆಂಡ್ ಹಿಡಿಯಬೇಕು, ಅಷ್ಟೇ ಹೊತ್ತು ಪೂರ್ತಿ ಬಿಡಬೇಕು. ಹತ್ತು ಸಲ, ದಿನಕ್ಕೆ ಮೂರು ಬಾರಿ. ಉಸಿರು ಕಟ್ಟಬಾರದು. ಮೂತ್ರ ಮಾಡುವಾಗ ನಡುವೆ ನಿಲ್ಲಿಸಿ ಅಭ್ಯಾಸ ಮಾಡುವುದೂ ತಪ್ಪಂತೆ. ನಾನು ಅದನ್ನೇ ಮಾಡುತ್ತಿದ್ದೆ. ಹೆರಿಗೆಯಾಗಿ ಮೂರು ತಿಂಗಳಾದರೂ ಆಗದೆ ಓಟ ಶುರು ಮಾಡಲೇಬಾರದು ಅಂತಲೂ ಹೇಳಿದರು. ನನಗೆ ಎರಡು ವರ್ಷ ಆಗಿದೆ, ಆದರೆ ಈ ಎರಡು ವರ್ಷದಲ್ಲಿ ಆ ಸ್ನಾಯುವಿನ ಸುದ್ದಿ ಎತ್ತಿದವರು ಯಾರು? ಬಾಣಂತನದಲ್ಲಿ ಲೇಹ್ಯ ತಿನ್ನಿಸಿದರು, ಹೊಟ್ಟೆಗೆ ಬಟ್ಟೆ ಕಟ್ಟಿದರು, ಅಷ್ಟೇ.

ಈಗ ಹಾಲು ಕಾಯಿಸುವಾಗ ಹತ್ತು, ಸ್ಟಾಫ್ ಮೀಟಿಂಗಿನಲ್ಲಿ ಹತ್ತು, ಚಿಕ್ಕವನನ್ನು ಮಲಗಿಸುವಾಗ ಹತ್ತು. ಮೀಟಿಂಗ್ ಇಷ್ಟು ಉಪಯೋಗಕ್ಕೆ ಬಂದದ್ದು ಇದೇ ಮೊದಲು.

ವಾರ 5, 6

ಚಿಕ್ಕವನಿಗೆ ಜ್ವರ. ಅವನದು ಇಳಿದ ಮೇಲೆ ದೊಡ್ಡವಳಿಗೆ. ಓಟ ಸೊನ್ನೆ.

ವಾರ 7

ಕ್ರಮದ ನಾಲ್ಕನೇ ವಾರಕ್ಕೆ ಇಳಿದು ಮತ್ತೆ ಶುರು. ಮೂರು ನಿಮಿಷ, ಐದು ನಿಮಿಷ, ಮತ್ತೆ ಮೂರು, ಮತ್ತೆ ಐದು. ನಡುನಡುವೆ ನಡಿಗೆ. ಉಸಿರು ಪರವಾಗಿಲ್ಲ, ಆದರೆ ಎಡ ಮೊಣಕಾಲಿನ ಹೊರಬದಿ ಚುರುಗುಟ್ಟಿತು. ಎಡಗಾಲೇ ಯಾಕೆ?

ಉತ್ತರ ಕಾಲಡಿಯಲ್ಲೇ ಇತ್ತು. ತೀರ ಸಮುದ್ರದ ಕಡೆ ಇಳಿಜಾರು. ನಾನು ಚಾಪೆಲ್‌ನಿಂದ ಕಾಳಿ ನದಿಯ ಕಡೆಗೆ, ಅಂದರೆ ಉತ್ತರಕ್ಕೆ ಓಡುತ್ತಿದ್ದೆ. ಸಮುದ್ರ ಎಡಕ್ಕೆ. ವಾಪಸು ರಸ್ತೆ ಮೇಲೆ ಬರುತ್ತಿದ್ದೆ, ಶೂಗೆ ಮರಳು ಹೋಗದಿರಲಿ ಅಂತ. ಹೀಗಾಗಿ ಪ್ರತಿ ಸಲವೂ ತಗ್ಗಿನ ಬದಿಗೆ ಬಿದ್ದದ್ದು ಎಡಗಾಲೇ. ಈಗ ಅರ್ಧ ದಾರಿಗೆ ತಿರುಗಿ ಮರಳಲ್ಲೇ ವಾಪಸು ಬರುತ್ತೇನೆ. ತಗ್ಗು ಎರಡೂ ಕಾಲಿಗೆ ಸಮ ಹಂಚಿಹೋಯಿತು. ಹತ್ತು ದಿನದಲ್ಲಿ ನೋವು ಹೋಯಿತು. ಲೆಕ್ಕದ ಮೇಷ್ಟ್ರಿಗೆ ಇದು ಹೊಳೆಯಲು ಏಳು ವಾರ ಬೇಕಾಯಿತು.

ವಾರ 9

ಕ್ರಮದ ಪ್ರಕಾರ ಈ ವಾರ ನಾನು ಐದು ಕಿ.ಮೀ. ಓಡಬೇಕಿತ್ತು. ಇರುವುದು ಐದನೇ ವಾರದ ಮೂರನೇ ದಿನದಲ್ಲಿ. ಎಲ್ಲರೂ ಹೆದರುವ ದಿನ ಅದು. ಹಿಂದಿನ ಸಲದ ಎಂಟು ನಿಮಿಷದಿಂದ ಒಮ್ಮೆಲೇ ಇಪ್ಪತ್ತಕ್ಕೆ ಹಾರಬೇಕು, ನಡುವೆ ನಡಿಗೆ ಇಲ್ಲ. ಬೇಕೆಂದೇ ಹುಣ್ಣಿಮೆಯ ಬುಧವಾರಕ್ಕೆ ಇಟ್ಟುಕೊಂಡೆ.

ಚಳಿ ಇತ್ತು, ಚಂದ್ರ ಇದ್ದ. ನಿಧಾನ, ಅಂದರೆ ವಾಕಿಂಗ್ ಬಂದ ಅಜ್ಜ ಹಿಂದಿಕ್ಕುವಷ್ಟು ನಿಧಾನ. ಹನ್ನೊಂದನೇ ನಿಮಿಷದಲ್ಲಿ ಬಿಡೋಣ ಅನ್ನಿಸಿತು. ಹದಿನಾಲ್ಕರಲ್ಲಿ ಇಡ್ಲಿ ಹಿಟ್ಟು ಫ್ರಿಜ್ಜಿನಿಂದ ಹೊರಗೆ ಇಟ್ಟೆನೋ ಇಲ್ಲವೋ ಅಂತ ಚಿಂತೆ ಹತ್ತಿತು, ಅದರಲ್ಲೇ ಮೂರು ನಿಮಿಷ ಹೋಯಿತು. ಇಪ್ಪತ್ತು ಆಯಿತು. ದೂರ 2.4 ಕಿ.ಮೀ. ಸೋರಲಿಲ್ಲ. ಇದನ್ನು ದೂರಕ್ಕಿಂತ ದೊಡ್ಡ ಅಕ್ಷರದಲ್ಲಿ ಡೈರಿಯಲ್ಲಿ ಬರೆದಿದ್ದೇನೆ.

ಹಿಟ್ಟು ಇಟ್ಟಿರಲಿಲ್ಲ. ಅವಲಕ್ಕಿ ಒಗ್ಗರಣೆ ಆಯಿತು.

ಕ್ಯಾಲೆಂಡರಿನಲ್ಲಿ ಈಗ ಪೆನ್ಸಿಲ್ ಗುರುತುಗಳಿವೆ. ಅತ್ತೆ ಹಾಕಿದ್ದು. ಶನಿವಾರ ನೀರು ಇಳಿಯುವುದು ಎಂಟರ ಹತ್ತಿರವಂತೆ, ನನಗೆ ರಜೆ. ದೊಡ್ಡವಳು ತಾನೂ ಬರುತ್ತೇನೆ ಅಂತ ಹಠ ಹಿಡಿದಿದ್ದಾಳೆ. ಒಂದು ನಿಮಿಷ ಓಟ, ಒಂದೂವರೆ ನಿಮಿಷ ನಡಿಗೆ, ಹಾಗೇ ಮಾಡಬೇಕು ಅಂತ ತಿಳಿಸಿ ಹೇಳಿದೆ.

"ನಡಿಗೆ ಯಾಕೆ?" ಅಂದಳು.